ತೋರಣಗಲ್ಲಿನಿಂದ ಕಳಂಬೋಲಿಗೆ: 1:24 ಅಳತೆಯ ಲಾರಿ ಕಟ್ಟಿ, ಬಣ್ಣ ಹೊಡೆದು, ಧೂಳು ಹಿಡಿಸುವ ಬಗೆ

ನವಿ ಮುಂಬಯಿಯ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಬಳಿ ನಿಂತ ಕೆಎ ನಂಬರಿನ ಒಂದು ಟ್ರೇಲರ್‌ ಲಾರಿಯನ್ನು ಹತ್ತಿರದಿಂದ ನೋಡಿ. ಚಾಸಿಸ್‌ನ ಸಂದಿಯಲ್ಲಿ ಸಂಡೂರಿನ ಕಡೆಯ ಅದಿರಿನ ಕೆಂಪು, ಅದರ ಮೇಲೆ ಗದಗ–ಹುಬ್ಬಳ್ಳಿಯ ಎರೆಮಣ್ಣು ಒಣಗಿದ ಬೂದುಗಪ್ಪು, ಚಕ್ರದ ಡಿಸ್ಕ್‌ ಮೇಲೆ ಖಂಡಾಲಾ ಘಾಟಿ ಇಳಿಯುವಾಗ ಬ್ರೇಕಿನಿಂದ ಉದುರಿದ ಕರಿಪುಡಿ, ಎಲ್ಲದರ ಮೇಲೆ ಕಾಂಕ್ರೀಟ್‌ ರಸ್ತೆಯ ಬಿಳಿಬೂದು ಧೂಳು. ಲಾರಿ ಬಂದ ದಾರಿಯೆಲ್ಲ ಅದರ ಮೈಮೇಲೆ ಬರೆದಿರುತ್ತದೆ. ಮಾದರಿ ಲಾರಿಗೆ ವೆದರಿಂಗ್‌ (ಓಡಿ ಹಳತಾದಂತೆ ಧೂಳು, ತುಕ್ಕು, ಸವೆತ ತೋರಿಸುವ ಕೆಲಸ) ಮಾಡುವವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ: ನಿಮ್ಮ ಲಾರಿ ಎಲ್ಲಿಂದ ಎಲ್ಲಿಗೆ ಹೊರಟಿದೆ? ಅದು ಗೊತ್ತಾದರೆ ಯಾವ ಬಣ್ಣ, ಎಲ್ಲಿ, ಯಾವುದರ ಮೇಲೆ ಯಾವುದು ಎಂಬುದು ತಾನಾಗಿ ತಿಳಿಯುತ್ತದೆ. ಗೊತ್ತಿಲ್ಲದಿದ್ದರೆ ಕೈಗೆ ಸಿಕ್ಕ ಕಂದು ಬಣ್ಣವನ್ನು ಎಲ್ಲ ಕಡೆ ಸಮನಾಗಿ ಎರಚಿ, ಚಾಕೊಲೇಟಿನಲ್ಲಿ ಅದ್ದಿದಂತೆ ಕಾಣುವ ಲಾರಿ ಮಾಡಿಡುತ್ತೇವೆ.

ಈ ಮಾರ್ಗದರ್ಶಿಯಲ್ಲಿ ಕಟ್ಟುವುದು ಬಳ್ಳಾರಿ ಕಡೆಯ ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್‌ (ಸುರುಳಿ ಸುತ್ತಿದ ಉಕ್ಕಿನ ಹಾಳೆ) ಹೊತ್ತು ಹೊಸಪೇಟೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ, ಪುಣೆ ದಾಟಿ ಬಂದ ಲಾರಿ.

ಕಿಟ್‌ ಆರಿಸುವುದು

1:24ರಲ್ಲಿ, ಅಂದರೆ ನಿಜ ಲಾರಿಯ ಇಪ್ಪತ್ನಾಲ್ಕನೇ ಒಂದು ಅಳತೆಯಲ್ಲಿ, ಬಿಡಿಭಾಗ ಜೋಡಿಸಿ ಕಟ್ಟುವ ಲಾರಿ ಕಿಟ್‌ಗಳಿಗೆ ಇಟಾಲೆರಿ ಮತ್ತು ರೆವೆಲ್‌ ಮುಖ್ಯ ಹೆಸರುಗಳು. ವೋಲ್ವೊ ಟ್ರ್ಯಾಕ್ಟರ್‌ (ಟ್ರೇಲರ್‌ ಎಳೆಯುವ ಮುಂದಿನ ಲಾರಿ) ಕಿಟ್‌ ಒಳ್ಳೆಯ ಆಯ್ಕೆ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲೇ ವೋಲ್ವೊ ಲಾರಿಗಳು ತಯಾರಾಗುವುದರಿಂದ ನಮ್ಮ ರಸ್ತೆಗೆ ಅದು ಹೊಸಮುಖವಲ್ಲ. ಆದರೆ ಕಿಟ್‌ ಸಾಮಾನ್ಯವಾಗಿ ಯುರೋಪಿನ ಲಾರಿಯದು, ಸ್ಟೇರಿಂಗ್‌ ಎಡಗಡೆ ಇರುತ್ತದೆ. ಡ್ಯಾಶ್‌ಬೋರ್ಡನ್ನು ಸಣ್ಣ ಗರಗಸದಿಂದ ಮೂರು ತುಂಡು ಮಾಡಿ, ಮೀಟರ್‌ ಇರುವ ತುಂಡನ್ನು ಬಲಕ್ಕೂ ಬಲದ ತುಂಡನ್ನು ಎಡಕ್ಕೂ ಕೂಡಿಸಿ, ಸಂದಿಗೆ ಪುಟ್ಟಿ ತುಂಬಬೇಕು. ಇಷ್ಟು ಮಾಡಿದವರೂ ಮರೆಯುವ ಎರಡು ಸಂಗತಿಗಳಿವೆ. ವೈಪರ್‌ಗಳು ಮಲಗುವ ದಿಕ್ಕು ಬದಲಾಗಬೇಕು. ರಸ್ತೆಯಂಚು ನೋಡಲು ಬಾಗಿಲ ಮೇಲಿರುವ ಸಣ್ಣ ಕನ್ನಡಿ ಬಲಗಡೆಯಿಂದ ಎಡಗಡೆಗೆ ಹೋಗಬೇಕು.

ಉಪಕರಣಗಳಿಗೆ ದುಬಾರಿ ಅಂಗಡಿ ಬೇಕಿಲ್ಲ. ಮುಂಬಯಿಯ ನಾಗದೇವಿ ಸ್ಟ್ರೀಟ್‌ನಲ್ಲಿ 0.5 ಮಿ.ಮೀ.ನಿಂದ ಡ್ರಿಲ್‌ ಬಿಟ್‌ಗಳು, 400, 600, 1000, 2000 ನಂಬರಿನ ವಾಟರ್‌ ಪೇಪರ್‌, ಸಣ್ಣ ಅರಗಳು ಸಿಗುತ್ತವೆ. ಆಯಿಲ್‌ ಬಣ್ಣ, ಬ್ರಷ್‌ಗಳಿಗೆ ಪುಣೆಯವರಿಗೆ ಅಪ್ಪಾ ಬಳವಂತ ಚೌಕ ಸಾಕು. ಹಣ ಹಾಕುವುದಿದ್ದರೆ ಎರಡಕ್ಕೆ ಹಾಕಿ: ಭಾಗ ಕತ್ತರಿಸಲು ಒಳ್ಳೆಯ ನಿಪ್ಪರ್‌ ಮತ್ತು ಕಂಪ್ರೆಸರಿನ ಗಾಳಿಯಿಂದ ಬಣ್ಣ ಸಿಂಪಡಿಸುವ, 0.3 ಮಿ.ಮೀ. ನಾಜಲ್ಲಿನ ಏರ್‌ಬ್ರಷ್‌.

ಕಟ್ಟುವುದು: ಎಲ್ಲವೂ ಚಾಸಿಸ್‌ ಮೇಲೆ ನಿಂತಿದೆ

1. ಭಾಗಗಳಿರುವ ಪ್ಲಾಸ್ಟಿಕ್‌ ಚೌಕಟ್ಟುಗಳನ್ನು ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆ ಉಳಿದರೆ ಅಲ್ಲಿ ಪ್ರೈಮರ್‌ (ಬಣ್ಣಕ್ಕೆ ಮುಂಚಿನ ತಳಪದರ) ಹಿಡಿಯುವುದಿಲ್ಲ.

2. ಭಾಗವನ್ನು ಎರಡು ಸಲಕ್ಕೆ ಕತ್ತರಿಸಿ. ಮೊದಲು 1 ಮಿ.ಮೀ. ದೂರದಲ್ಲಿ, ಆಮೇಲೆ ಅಂಚಿಗೆ. ಒಂದೇ ಏಟಿಗೆ ಅಂಚಿನಲ್ಲಿ ಕತ್ತರಿಸಿದರೆ ಪ್ಲಾಸ್ಟಿಕ್‌ ಸೀಳಿ ಬೆಳ್ಳಗಾಗುತ್ತದೆ, ಚೂರು ಕಿತ್ತುಬರುತ್ತದೆ. ಉಳಿದದ್ದನ್ನು 400, ನಂತರ 600, ಕೊನೆಗೆ 1000ದ ಪೇಪರ್‌ನಿಂದ ಉಜ್ಜಿ.

3. ಚಾಸಿಸ್‌ನ ಎರಡು ಉದ್ದ ಪಟ್ಟಿಗಳನ್ನು ದಪ್ಪ ಗಾಜಿನ ತುಂಡಿನ ಮೇಲೆ, ಕೆಳಗೆ ಗ್ರಾಫ್‌ ಹಾಳೆ ಇಟ್ಟು ಜೋಡಿಸಿ. ಅಡ್ಡಪಟ್ಟಿಗಳನ್ನು ಮೊದಲು ಅಂಟಿಲ್ಲದೆ ಕೂಡಿಸಿ, ರಬ್ಬರ್‌ ಬ್ಯಾಂಡ್‌ ಹಾಕಿ, ಮೂಲೆಗಳು ಗ್ರಾಫಿನ ಗೆರೆಗೆ ಸರಿಯಾಗಿ ಕೂತ ಮೇಲೆ ತೆಳು ಸಿಮೆಂಟ್‌ (ಪ್ಲಾಸ್ಟಿಕ್‌ ಅಂಟು) ಮುಟ್ಟಿಸಿ. ಟಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್‌ ಇದಕ್ಕೆ ಸರಿ. ಬ್ರಷ್ಷನ್ನು ಸಂದಿಗೆ ತಾಗಿಸಿದರೆ ಸಾಕು, ಅಂಟು ತಾನೇ ಒಳಗೆ ಹರಿಯುತ್ತದೆ. 24 ಗಂಟೆ ಅಲುಗಿಸಬೇಡಿ.

ಈ ಮೂರನೇ ಹೆಜ್ಜೆಯಲ್ಲಿ ಅರ್ಧ ಮಿ.ಮೀ. ತಿರುಚಿದರೂ ಕೊನೆಯಲ್ಲಿ ಒಂದು ಚಕ್ರ ನೆಲಕ್ಕೆ ತಾಗುವುದಿಲ್ಲ. ಕಾರಿನ ಕಿಟ್‌ನಲ್ಲಿ ನೆಲಹಾಸು ಒಂದೇ ತುಂಡಾಗಿರುವುದರಿಂದ ಈ ಪೀಡೆ ಕಡಿಮೆ. ಲಾರಿಯಲ್ಲಿ ಚೌಕಟ್ಟನ್ನು ನಾವೇ ಕಟ್ಟಬೇಕು. ಆಕ್ಸೆಲ್‌ ಹಾಕಿದ ಕೂಡಲೇ, ಅಂಟು ಹಸಿಯಿರುವಾಗಲೇ, ಚಕ್ರಗಳನ್ನು ತೂರಿಸಿ ಗಾಜಿನ ಮೇಲೆ ನಿಲ್ಲಿಸಿ ನೋಡಿ. ಒಂದು ಕಾಗದದ ಚೂರು ಯಾವುದಾದರೂ ಚಕ್ರದ ಕೆಳಗೆ ಸಲೀಸಾಗಿ ತೂರಿದರೆ ಆಗಲೇ ಸರಿಪಡಿಸಿ.

4. ಕ್ರೋಮ್‌ ಲೇಪದ ಭಾಗಗಳಿಗೆ ಪ್ಲಾಸ್ಟಿಕ್‌ ಸಿಮೆಂಟ್‌ ಹಿಡಿಯುವುದಿಲ್ಲ, ಕೂಡುವ ಜಾಗದಲ್ಲಿ ಲೇಪ ಕೆರೆಯಬೇಕು. ಪೂರ್ತಿ ತೆಗೆಯಲು ಬಟ್ಟೆಯ ಬ್ಲೀಚ್‌ನಲ್ಲಿ ಮುಳುಗಿಸಿಡಿ. ಆ ಬ್ಲೀಚ್‌ ಇರುವ ಬಟ್ಟಲಿಗೆ ಶೌಚಾಲಯ ತೊಳೆಯುವ ಆಮ್ಲ ಒಂದು ಹನಿಯೂ ಬೀಳಬಾರದು. ಕ್ಲೋರಿನ್‌ ವಿಷಾನಿಲ ಏಳುತ್ತದೆ.

5. ಗಾಜಿನ ಭಾಗಗಳಿಗೆ ಸೂಪರ್‌ ಗ್ಲೂ ಬಳಸಿದರೆ ಅದರ ಆವಿ ಕೂತು ಗಾಜು ಮಂಜಾಗುತ್ತದೆ. ಅಲ್ಲಿಗೆ ಫೆವಿಕಾಲ್‌ ಸಾಕು, ಹೆಚ್ಚಾದದ್ದನ್ನು ಒದ್ದೆ ಕಡ್ಡಿಯಿಂದ ಒರೆಸಬಹುದು. ಮುಂಬಯಿಯ ಹಸಿ ಹವೆಯಲ್ಲಿ ಸೂಪರ್‌ ಗ್ಲೂ ಬಾಟಲಿ ಬೇಗ ಕಲ್ಲಾಗುತ್ತದೆ. ಸಿಲಿಕಾ ಜೆಲ್‌ ಹಾಕಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ, ತೆಗೆದಾಗ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ.

6. ಮೆತ್ತನೆಯ ವಿನೈಲ್‌ ಟೈರುಗಳಲ್ಲಿರುವ ಎಣ್ಣೆಯಂಥ ಅಂಶ ವರ್ಷಗಳು ಕಳೆದಂತೆ ಹೊರಬಂದು ಪ್ಲಾಸ್ಟಿಕ್‌ ಡಿಸ್ಕನ್ನು ಕರಗಿಸುವುದುಂಟು. ಟೈರ್‌ ಕೂರುವ ಜಾಗಕ್ಕೆ ತೆಳು ಅಲ್ಯೂಮಿನಿಯಂ ಹಾಳೆಯ ಪಟ್ಟಿ ಸುತ್ತಿ. ಟೈರಿನ ಮೇಲ್ಮೈಯನ್ನು 240ರ ಪೇಪರ್‌ನಿಂದ ಉಜ್ಜಿದರೆ ಹೊಳಪು ಹೋಗಿ ಓಡಿದ ಟೈರಾಗುತ್ತದೆ, ಅಚ್ಚಿನ ಗೆರೆಯೂ ಹೋಗುತ್ತದೆ.

ಹೊರೆ: ಬಿಲ್‌ ರೋಲಿನಿಂದ ಉಕ್ಕಿನ ಕಾಯಿಲ್‌

ಟ್ರೇಲರ್‌ ಕಿಟ್‌ ಸಿಗದಿದ್ದರೆ ಪ್ಲಾಸ್ಟಿಕ್‌ ಹಾಳೆಯಿಂದ ಕಟ್ಟಬಹುದು. 40 ಅಡಿಯ ಹಲಗೆ ಟ್ರೇಲರ್‌ 1:24ರಲ್ಲಿ 508 ಮಿ.ಮೀ. ಉದ್ದ, ಸುಮಾರು 104 ಮಿ.ಮೀ. ಅಗಲ.

ಕಾಯಿಲ್‌ ಮಾಡಲು ಕಿರಾಣಿ ಅಂಗಡಿಯ ಬಿಲ್‌ ಮೆಷೀನಿಗೆ ಹಾಕುವ 57 ಮಿ.ಮೀ. ಅಗಲದ ಕಾಗದದ ರೋಲ್‌ಗಿಂತ ಒಳ್ಳೆಯ ವಸ್ತು ಇಲ್ಲ. 57 ಮಿ.ಮೀ. ಎಂದರೆ ನಿಜ ಅಳತೆಯಲ್ಲಿ 1,368 ಮಿ.ಮೀ., ಉಕ್ಕಿನ ಹಾಳೆಗೆ ಒಪ್ಪುವ ಅಗಲ. 25 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪನ್ನು ಅಷ್ಟೇ ಉದ್ದಕ್ಕೆ ಕೊಯ್ದು, ಅದರ ಮೇಲೆ ಕಾಗದವನ್ನು ಬಿಗಿಯಾಗಿ ಸುತ್ತುತ್ತ ಹೋಗಿ. 62 ಮಿ.ಮೀ. ವ್ಯಾಸ ಬರಲು ಸುಮಾರು 42 ಮೀಟರ್‌ ಕಾಗದ ಬೇಕು. ಒಂದು ರೋಲ್‌ ಮುಗಿದಾಗ ಇನ್ನೊಂದರ ತುದಿಯನ್ನು ಅಂಟಿಸಿ ಮುಂದುವರಿಸಿ. ಬದಿಯಿಂದ ನೋಡಿದರೆ ನೂರಾರು ಸುತ್ತುಗಳ ಅಂಚು ಕಾಣುತ್ತದೆ, ಅಲ್ಲೊಂದು ಇಲ್ಲೊಂದು ಸುತ್ತು ಕೂದಲೆಳೆಯಷ್ಟು ಹೊರಗೆ ಚಾಚಿರುತ್ತದೆ. ನಿಜವಾದ ಕಾಯಿಲ್‌ನಲ್ಲೂ ಹಾಗೆಯೇ ಇರುವುದರಿಂದ ಅದನ್ನು ತಟ್ಟಿ ಸಮ ಮಾಡಬೇಡಿ. ಎರಡೂ ಬದಿಗೆ ತೆಳು ಸೂಪರ್‌ ಗ್ಲೂ ಕುಡಿಸಿ ಗಟ್ಟಿ ಮಾಡಿ. ಥರ್ಮಲ್‌ ಕಾಗದ ಅಲ್ಲಲ್ಲಿ ಕಪ್ಪಾದರೆ ಹೆದರಬೇಕಿಲ್ಲ, ಪ್ರೈಮರ್‌ ಮುಚ್ಚುತ್ತದೆ.

ಈ ಗಾತ್ರದ ನಿಜವಾದ ಕಾಯಿಲ್‌ ಸುಮಾರು 15 ಟನ್‌ ತೂಗುತ್ತದೆ. ಆದ್ದರಿಂದ ಟ್ರೇಲರ್‌ ಮೇಲೆ ಎರಡೇ ಸಾಕು. ಸಾಲಾಗಿ ಐದು ಇಟ್ಟರೆ ಲಾರಿ ಬಲ್ಲವರು ನಗುತ್ತಾರೆ. ಕೆಳಗೆ ಮರದ ಅಡ್ಡೆಗಳು, ಮೇಲೆ ಸರಪಳಿ. ಹೊರೆ ಹೊತ್ತ ಲಾರಿಯ ಹಿಂದಿನ ಟೈರು ನೆಲಕ್ಕೆ ತಾಗುವಲ್ಲಿ ಅರ್ಧ ಮಿ.ಮೀ. ಉಜ್ಜಿ ಚಪ್ಪಟೆ ಮಾಡಿದರೆ ಭಾರ ಕಣ್ಣಿಗೆ ಕಾಣುತ್ತದೆ.

ಬಣ್ಣ: ಮುಂಬಯಿಯ ಹವೆಯನ್ನು ನೋಡಿಕೊಂಡು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಲ್ಯಾಕರ್‌ (ಬೇಗ ಆರುವ ಥಿನ್ನರಿನ ಬಣ್ಣ) ಹೊಡೆದರೆ ಬಣ್ಣದ ಮೇಲೆ ಹಾಲಿನ ಕೆನೆಯಂಥ ಬಿಳುಪು ಕೂರುವುದು ಮಾಮೂಲು. ಕಾರಣ ಸರಳ. ಥಿನ್ನರ್‌ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಇಬ್ಬನಿಯಾಗಿ ಇಳಿದು ಹಸಿ ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಬಿಳುಪು ಕಂಡರೆ ಉಜ್ಜಲು ಹೋಗಬೇಡಿ. ಒಣ ಹವೆಯ ದಿನ, ನಿಧಾನವಾಗಿ ಆರುವ ಲೆವೆಲಿಂಗ್‌ ಥಿನ್ನರನ್ನು ಮಾತ್ರ ತೆಳುವಾಗಿ ಸಿಂಪಡಿಸಿದರೆ ಮೇಲ್ಪದರ ಮತ್ತೆ ಕರಗಿ ತೇವ ಹೊರಹೋಗುತ್ತದೆ, ಬಹುಪಾಲು ಬಿಳುಪು ಮಾಯವಾಗುತ್ತದೆ.

ಮಳೆಗಾಲದಲ್ಲಿ ಬಿಡಲಾಗದಿದ್ದರೆ ಎಸಿಯನ್ನು ಡ್ರೈ ಮೋಡ್‌ನಲ್ಲಿ ಒಂದು ಗಂಟೆ ಓಡಿಸಿ, ನಿಲ್ಲಿಸಿ, ಆಮೇಲೆ ಕಿಟಕಿ ತೆರೆದು ಚಿಕ್ಕ ಚಿಕ್ಕ ಸರದಿಯಲ್ಲಿ ಬಣ್ಣ ಹೊಡೆಯಿರಿ. ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್‌ ಇರಲೇಬೇಕು. ಪ್ರತಿ 15–20 ನಿಮಿಷಕ್ಕೊಮ್ಮೆ ಅದನ್ನೂ, ಕೆಲಸ ಮುಗಿದಾಗ ಟ್ಯಾಂಕನ್ನೂ ಖಾಲಿ ಮಾಡಿ. ಇಲ್ಲದಿದ್ದರೆ ಒಂದು ಹನಿ ನೀರು ನಾಜಲ್ಲಿನಿಂದ ಹಾರಿ ಕ್ಯಾಬಿನ್ನಿನ ಬಾಗಿಲ ನಡುವೆಯೇ ಕೂರುತ್ತದೆ.

ಡೊಂಬಿವಲಿ, ಮುಲುಂಡ್‌ ಕಡೆಯ ಸಣ್ಣ ಮನೆಗಳಲ್ಲಿ ಅಡುಗೆಮನೆ, ದೇವರಮೂಲೆ, ಕೆಲಸದ ಮೇಜು ನಾಲ್ಕು ಹೆಜ್ಜೆಯೊಳಗೆ ಇರುತ್ತವೆ. ಲ್ಯಾಕರ್‌ ಆವಿ ಬೆಂಕಿ ಹಿಡಿಯುವಂಥದ್ದು. ದೇವರ ದೀಪ ಆರಿದೆಯೇ, ಗ್ಯಾಸ್‌ ಒಲೆ ನಿಂತಿದೆಯೇ ನೋಡಿಯೇ ಕಂಪ್ರೆಸರ್‌ ಹಾಕಿ. ಬಟ್ಟೆಯ ಮಾಸ್ಕ್‌ ಈ ಆವಿಯನ್ನು ತಡೆಯುವುದಿಲ್ಲ, ಇಂಗಾಲದ ಫಿಲ್ಟರ್‌ ಇರುವ ಮಾಸ್ಕ್‌ ಬೇಕು.

ಅಳತೆಗಳು ಹೀಗೆ. ಬಾಟಲಿಯ ಪ್ರೈಮರ್‌ 1 ಪಾಲು, ಥಿನ್ನರ್‌ 1.5 ಪಾಲು. ಟಮಿಯಾ ಅಕ್ರಿಲಿಕ್‌ ಸಮಪಾಲು. ಲ್ಯಾಕರ್‌ ಬಣ್ಣ 1 ಪಾಲಿಗೆ 1.5ರಿಂದ 2 ಪಾಲು ಥಿನ್ನರ್‌. ಒತ್ತಡ 15–20 ಪಿಎಸ್‌ಐ, ದೂರ 5–8 ಸೆಂ.ಮೀ. ಮೊದಲ ಎರಡು ಪದರ ಮಂಜಿನಂತೆ ತೆಳುವಾಗಿ, ನಡುವೆ ಹತ್ತು ನಿಮಿಷ ಬಿಟ್ಟು. ಮೂರನೆಯದು ಒದ್ದೆಯಾಗಿ ಹೊಳೆಯುವಷ್ಟು. ಮೇಲ್ಮೈ ಮರಳು ಮರಳಾದರೆ ದೂರ ಹೆಚ್ಚಾಯಿತು, ಬಣ್ಣ ಗಾಳಿಯಲ್ಲೇ ಒಣಗಿತು ಎಂದರ್ಥ. ಜೇಡರ ಕಾಲಿನಂತೆ ಹರಡಿದರೆ ಥಿನ್ನರ್‌ ಹೆಚ್ಚಾಗಿದೆ ಅಥವಾ ತೀರಾ ಹತ್ತಿರ ಹೋಗಿದ್ದೀರಿ.

ಪದರಗಳ ಕ್ರಮ ತಪ್ಪಬಾರದು: ಕೆಳಗೆ ಲ್ಯಾಕರ್‌ ಅಥವಾ ಅಕ್ರಿಲಿಕ್‌, ಅದರ ಮೇಲೆ ಕ್ಲಿಯರ್‌ (ಬಣ್ಣವಿಲ್ಲದ ಪಾರದರ್ಶಕ ಪದರ), ಅದರ ಮೇಲೆ ಎನಾಮಲ್‌ ಮತ್ತು ಆಯಿಲ್‌. ಎನಾಮಲ್‌ ಬಣ್ಣದ ಮೇಲೆ ನೇರವಾಗಿ ಟರ್ಪೆಂಟೈನ್‌ ಬೆರೆಸಿದ ವಾಶ್‌ (ನೀರಿನಷ್ಟು ತೆಳುಮಾಡಿದ ಬಣ್ಣ) ಹಚ್ಚಿದರೆ ಕೆಳಗಿನದೂ ಕರಗಿ ಕೈಗೆ ಬರುತ್ತದೆ.

ನಂಬರ್‌ ಪ್ಲೇಟ್‌ ಮನೆಯಲ್ಲೇ ಮುದ್ರಿಸಿಕೊಳ್ಳಿ. ಲಾರಿಯ 340×200 ಮಿ.ಮೀ. ಪ್ಲೇಟ್‌ 1:24ರಲ್ಲಿ 14.2×8.3 ಮಿ.ಮೀ., ಹಳದಿ ನೆಲಕ್ಕೆ ಕಪ್ಪು ಅಕ್ಷರ, ಎರಡು ಸಾಲು. ಬಳ್ಳಾರಿಗೆ ಕೆಎ 34, ಹೊಸಪೇಟೆಗೆ ಕೆಎ 35. ಪ್ರತಿಫಲಿಸುವ ಟೇಪು ನಿಜದಲ್ಲಿ 50 ಮಿ.ಮೀ., ಇಲ್ಲಿ 2 ಮಿ.ಮೀ.: ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ಗಾಜಿನ ಮೇಲುಪಟ್ಟಿಗೆ ‘ಶ್ರೀ ರೇಣುಕಾ ಯಲ್ಲಮ್ಮ ಪ್ರಸನ್ನ’ ಎಂದು ಡೆಕಾಲ್‌ (ನೀರಿನಲ್ಲಿ ನೆನೆಸಿ ಅಂಟಿಸುವ ಮುದ್ರಿತ ಪಟ್ಟಿ) ಹಾಕುವುದಾದರೆ ಬಿಳಿ ಡೆಕಾಲ್‌ ಕಾಗದ ಬಳಸಿ, ಮನೆಯ ಪ್ರಿಂಟರ್‌ ಬಿಳಿ ಬಣ್ಣ ಮುದ್ರಿಸುವುದಿಲ್ಲ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದಕ್ಕೆ ನೀರಿಗೆ ಹಾಕುವ ಮುನ್ನ ಎರಡು ಪದರ ಕ್ಲಿಯರ್‌ ಹೊಡೆಯದಿದ್ದರೆ ಅಕ್ಷರ ಕರಗಿ ಹೋಗುತ್ತದೆ. ‘ಹಾರ್ನ್‌ ಓಕೆ ಪ್ಲೀಸ್‌’ ಬರೆಯುವ ಮುನ್ನ ಯೋಚಿಸಿ. ಮಹಾರಾಷ್ಟ್ರ 2015ರಲ್ಲಿ ಅದನ್ನು ವಾಣಿಜ್ಯ ವಾಹನಗಳ ಮೇಲೆ ಬರೆಯುವುದನ್ನು ನಿಷೇಧಿಸಿದೆ.

ಸವೆತ ಮತ್ತು ತುಕ್ಕು

ತುಕ್ಕು ಹಿಡಿಯುವುದು ಉಕ್ಕಿಗೆ ಮಾತ್ರ. ವೋಲ್ವೊದಂಥ ಲಾರಿಯ ಗ್ರಿಲ್‌, ಬಂಪರಿನ ಮೂಲೆ, ಮಡ್‌ಗಾರ್ಡ್‌ ಪ್ಲಾಸ್ಟಿಕ್ಕಿನವು. ಅಲ್ಲಿ ಗೀರು ಬಿದ್ದರೆ ಬೂದುಬಿಳುಪು ಕಾಣುತ್ತದೆ, ಕಿತ್ತಳೆ ಬಣ್ಣ ಬರುವುದಿಲ್ಲ. ಅಲ್ಯೂಮಿನಿಯಂ ಡೀಸೆಲ್‌ ಟ್ಯಾಂಕಿಗೂ ಕೆಂಪು ತುಕ್ಕಿಲ್ಲ. ತುಕ್ಕನ್ನೆಲ್ಲ ಟ್ರೇಲರಿನ ಉಕ್ಕಿನ ಹಲಗೆಗೆ, ಅದರ ಅಂಚಿಗೆ, ಕೊಕ್ಕೆಗಳಿಗೆ ಮೀಸಲಿಡಿ.

ಹಲಗೆಗೆ ಹೇರ್‌ಸ್ಪ್ರೇ ವಿಧಾನ ಹೇಳಿ ಮಾಡಿಸಿದಂತಿದೆ. ಗಾಢ ತುಕ್ಕುಕಂದು ಹೊಡೆದು ಲ್ಯಾಕರ್‌ ಕ್ಲಿಯರ್‌ನಿಂದ ಮುಚ್ಚಿ, ಒಂದು ದಿನ ಬಿಡಿ. ಎರಡು ತೆಳು ಪದರ ಹೇರ್‌ಸ್ಪ್ರೇ ಹಾಕಿ 20 ನಿಮಿಷ ಒಣಗಿಸಿ. ಮೇಲೆ ಟ್ರೇಲರಿನ ಬಣ್ಣವನ್ನು ಟಮಿಯಾ ಅಕ್ರಿಲಿಕ್‌ನಲ್ಲಿ, ಅದರದೇ ಎಕ್ಸ್‌–20ಎ ಥಿನ್ನರಿನಲ್ಲಿ ತೆಳ್ಳಗೆ ಮಾಡಿ ಹೊಡೆಯಿರಿ. ಲ್ಯಾಕರ್‌ ಥಿನ್ನರ್‌ ಬೆರೆಸಿದರೆ ಬಣ್ಣ ಕಚ್ಚಿಕೊಂಡು ಏಳುವುದೇ ಇಲ್ಲ. ಒಂದು ಗಂಟೆಯೊಳಗೆ ಮೇಲ್ಮೈಗೆ ನೀರು ಸವರಿ ಎರಡು ನಿಮಿಷ ಕಾದು, ಗಟ್ಟಿ ಕೂದಲಿನ ಬ್ರಷ್ಷಿನಿಂದ ಕಾಯಿಲ್‌ ಕೂರುವ ಕಡೆ, ಸರಪಳಿ ಎಳೆಯುವ ಅಂಚಿನಲ್ಲಿ ಉಜ್ಜಿ. ಬೇರೆ ಕಡೆ ಕೈ ಹಾಕಬೇಡಿ. ಸವೆತ ಎಲ್ಲೆಲ್ಲೂ ಇದ್ದರೆ ಅದು ಚರ್ಮರೋಗದಂತೆ ಕಾಣುತ್ತದೆ.

ಕಾಯಿಲ್‌ಗೆ ನೀಲಿಮಿಶ್ರಿತ ಕಡುಬೂದು ಬಣ್ಣ. ಟಾರ್ಪಾಲಿನ್‌ ಸರಿದ ಕಡೆ ಮಳೆ ತಾಗಿ ಬಂದ ಕಿತ್ತಳೆ ತುಕ್ಕನ್ನು ಬರ್ಂಟ್‌ ಸಿಯೆನ್ನಾದಿಂದ ತೋರಿಸಿ, ಅದು ಹರಿದು ಹಲಗೆಯ ಅಂಚಿನಿಂದ ಕೆಳಗಿಳಿದ ಗೆರೆ ಎಳೆಯಿರಿ.

ಆಯಿಲ್‌ ಬಣ್ಣಗಳಿಗೆ ಕ್ಯಾಮೆಲ್‌ನ ಟ್ಯೂಬುಗಳೇ ಸಾಕು: ಬರ್ಂಟ್‌ ಅಂಬರ್‌, ಬರ್ಂಟ್‌ ಸಿಯೆನ್ನಾ, ಐವರಿ ಬ್ಲ್ಯಾಕ್‌, ಟೈಟೇನಿಯಂ ವೈಟ್‌. ಬಳಸುವ ಒಂದು ಗಂಟೆ ಮೊದಲು ರಟ್ಟಿನ ತುಂಡಿನ ಮೇಲೆ ಹಿಂಡಿಡಿ, ಎಣ್ಣೆಯನ್ನು ರಟ್ಟು ಹೀರಲಿ. ಹೀಗೆ ಮಾಡದಿದ್ದರೆ ಬಣ್ಣ ಹೊಳೆಯುತ್ತದೆ, ದಿನಗಟ್ಟಲೆ ಒಣಗುವುದಿಲ್ಲ. 1 ಪಾಲು ಬಣ್ಣಕ್ಕೆ ಸುಮಾರು 10 ಪಾಲು ಟರ್ಪೆಂಟೈನ್‌ ಬೆರೆಸಿ ಬಾಗಿಲ ಸಂದಿ, ಬೋಲ್ಟ್‌, ಕೀಲುಗಳಿಗೆ ಸಣ್ಣ ಬ್ರಷ್ಷಿನಿಂದ ಮುಟ್ಟಿಸಿ. 20–30 ನಿಮಿಷದ ಮೇಲೆ ಹತ್ತಿಯ ಕಡ್ಡಿಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ, ಮಳೆನೀರು ಇಳಿಯುವ ದಿಕ್ಕು ಅದೇ. ಚಾಸಿಸ್‌ನಲ್ಲಿ ಮಾತ್ರ ಕೈ ಹಿಡಿತದಲ್ಲಿರಲಿ. ಬಿಗಿಯಾಗಿ ಬಗ್ಗಿಸಿ ಅಂಟಿಸಿದ ಕೀಲಿಗೆ ಟರ್ಪೆಂಟೈನ್‌ ಮಡುಗಟ್ಟಿದರೆ ಬಣ್ಣವಿಲ್ಲದ ಪ್ಲಾಸ್ಟಿಕ್‌ ಬಿರುಕು ಬಿಟ್ಟು, ಮರುದಿನ ಆಕ್ಸೆಲ್‌ ಕಳಚಿ ಕೈಗೆ ಬರುತ್ತದೆ.

ಧೂಳು: ದಾರಿಯ ಕ್ರಮದಲ್ಲಿ

ಧೂಳಿಗೆ ಕೂರಲು ಒರಟು ಮೇಲ್ಮೈ ಬೇಕು, ಆದ್ದರಿಂದ ಮೊದಲು ಮ್ಯಾಟ್‌ ಕ್ಲಿಯರ್‌ ಹೊಡೆಯಿರಿ. ಧೂಳಿನ ಮೇಲೆ ಹೊಡೆದರೆ ಅದು ಒದ್ದೆಯಾದಂತೆ ಕಪ್ಪಾಗಿ, ಅರ್ಧ ಮಾಯವಾಗುತ್ತದೆ.

ಪುಡಿಗಳಿಗೆ ನಮ್ಮ ಮನೆಗಳಲ್ಲೇ ಒಳ್ಳೆಯ ಸಾಮಗ್ರಿ ಇದೆ. ರಂಗೋಲಿಯ ಅಂಚಿಗೆ ಎಳೆಯುವ ಕೆಮ್ಮಣ್ಣು, ಇಲ್ಲಿನ ಅಂಗಡಿಗಳಲ್ಲಿ ಗೇರು ಎಂದು ಕೇಳಿ, ಕಬ್ಬಿಣದ ಆಕ್ಸೈಡಿನದೇ ನುಣ್ಣನೆ ಪುಡಿ. ಸಂಡೂರಿನ ಕೆಂಪಿಗೆ ಅದಕ್ಕೆ ಚಿಟಿಕೆ ಕಪ್ಪು ಬೆರೆಸಿದರೆ ಸಾಕು. ಮುಲ್ತಾನಿ ಮಿಟ್ಟಿ ಕಾಂಕ್ರೀಟ್‌ ಧೂಳಿಗೆ ಆಧಾರ. ರಂಗೋಲಿ ಪುಡಿ ಬೇಡ, ಅದರ ಕಣ 1:24ರಲ್ಲಿ ಜಲ್ಲಿಕಲ್ಲಿನಂತೆ ಕಾಣುತ್ತದೆ. ಊರಿನ ಹೊಲದ ಎರೆಮಣ್ಣನ್ನೇ ಬಳಸುವ ಆಸೆಯಿದ್ದರೆ ತವೆಯ ಮೇಲೆ ಚೆನ್ನಾಗಿ ಹುರಿದು, ಮಲ್‌ ಬಟ್ಟೆಯಲ್ಲಿ ಸೋಸಿ. ಹುರಿಯದ ಮಣ್ಣಿನಿಂದ ಮುಂಬಯಿ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ.

ಮೊದಲು ಕೆಂಪು. ಚಾಸಿಸ್‌ ಪಟ್ಟಿಯ ಒಳಮೈ, ಸ್ಪ್ರಿಂಗ್‌ ಎಲೆಗಳ ಸಂದಿ, ಮಡ್‌ಗಾರ್ಡಿನ ಒಳಗೆ. ಹಳೆಯ ಕೊಳೆ ತೊಳೆಯಲಾಗದ ಮೂಲೆಯಲ್ಲೇ ಉಳಿಯುತ್ತದೆ, ಹೊರಮೈಗೆ ಬೇಡ. ಒಣ ಬ್ರಷ್ಷಿನಿಂದ ಪುಡಿ ಇಟ್ಟು, ಪಕ್ಕದಲ್ಲಿ ಟರ್ಪೆಂಟೈನ್‌ನ ಹನಿ ಮುಟ್ಟಿಸಿ, ಅದು ತಾನೇ ಹರಿದು ಪುಡಿಯನ್ನು ಹಿಡಿದಿಡುತ್ತದೆ. ಹನಿಯನ್ನು ನೇರ ಮೇಲೆ ಬಿಟ್ಟರೆ ಪುಡಿ ಚದುರಿ ಉಂಗುರದ ಕಲೆ ಉಳಿಯುತ್ತದೆ.

ಎರಡನೆಯದು ಎರೆಮಣ್ಣಿನ ಕೆಸರು. ಪುಡಿ, ಸ್ವಲ್ಪ ಪಿಒಪಿ, ಅಕ್ರಿಲಿಕ್‌ ಮ್ಯಾಟ್‌ ಮೀಡಿಯಂ ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಹಚ್ಚಿ ಚಕ್ರದ ಕಡೆಯಿಂದ ಹಿಂದಕ್ಕೆ, ಕೆಳಗಿನಿಂದ ಮೇಲಕ್ಕೆ ಸಿಡಿಸಿ. ಬೇಡದ ಕಡೆ ಕಾಗದ ಅಡ್ಡ ಹಿಡಿಯಿರಿ. ಈ ಮಿಶ್ರಣ ಒಣಗಿದಾಗ ತುಂಬ ತಿಳಿಯಾಗುತ್ತದೆ. ಮೊದಲೇ ರಟ್ಟಿನ ಮೇಲೆ ಹಚ್ಚಿ ಒಣಗಿಸಿ ನೋಡದೆ ಲಾರಿಗೆ ಹಚ್ಚಬೇಡಿ.

ಮೂರನೆಯದು ಘಾಟಿಯ ಕರಿ. ಚಕ್ರದ ಡಿಸ್ಕಿನ ನಡುವಿಗೆ ಕಡುಕಂದು–ಕಪ್ಪು, ಸೈಲೆನ್ಸರ್‌ ಬಾಯಿಯ ಸುತ್ತ ಬರೀ ಕಪ್ಪು, ಇಷ್ಟೇ.

ಕೊನೆಗೆ ಎಕ್ಸ್‌ಪ್ರೆಸ್‌ವೇ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ 94.5 ಕಿ.ಮೀ. ಉದ್ದದ ಕಾಂಕ್ರೀಟ್‌ ರಸ್ತೆ, ಅದರ ಧೂಳು ಬಿಳಿಬೂದು. ಏರ್‌ಬ್ರಷ್ಷಿನಲ್ಲಿ 1 ಪಾಲು ಬಣ್ಣಕ್ಕೆ 8–10 ಪಾಲು ಥಿನ್ನರ್‌ ಹಾಕಿ ಕೆಳಗಿನ ಮೂರನೇ ಒಂದು ಭಾಗಕ್ಕೆ, ಕ್ಯಾಬಿನ್‌ ಹಿಂಬದಿಗೆ, ಟ್ರೇಲರಿನ ಬಾಲಕ್ಕೆ ಸುಳಿಸಿ. ಗಾಜಿಗೆ ಹೊಡೆಯುವ ಮುನ್ನ ವೈಪರ್‌ ಒರೆಸುವ ಕಮಾನನ್ನು ಮಾಸ್ಕಿಂಗ್‌ ಟೇಪಿನಲ್ಲಿ ಕತ್ತರಿಸಿ ಅಂಟಿಸಿರಿ. ತೆಗೆದಾಗ ಚಾಲಕ ನೋಡುತ್ತಿದ್ದ ಜಾಗ ಮಾತ್ರ ಸ್ವಚ್ಛ ಉಳಿಯುತ್ತದೆ.

ಇನ್ನು ಮನುಷ್ಯ ಮುಟ್ಟುವ ಜಾಗಗಳು. ಹತ್ತುವ ಮೆಟ್ಟಿಲಿನ ನಡುಭಾಗ ಸವೆದು ಹೊಳೆಯಬೇಕು, 2ಬಿ ಪೆನ್ಸಿಲಿನ ಸೀಸವನ್ನು ಬೆರಳಿನಿಂದ ತಿಕ್ಕಿ. ಬಾಗಿಲ ಹಿಡಿಯ ಸುತ್ತ ಧೂಳನ್ನು ಒರೆಸಿ ತೆಗೆಯಿರಿ. ಡೀಸೆಲ್‌ ಮುಚ್ಚಳದಿಂದ ಕೆಳಗೆ, ಹೊಳೆಯುವ ಕ್ಲಿಯರಿಗೆ ಚೂರು ಬರ್ಂಟ್‌ ಅಂಬರ್‌ ಸೇರಿಸಿ, ಒಂದೇ ಒಂದು ಗೆರೆ. ಗಾಜಿನ ಮೇಲಿನ ದೇವರ ಹೆಸರಿನ ಪಟ್ಟಿ ಮಾತ್ರ ಸ್ವಚ್ಛವಾಗಿರಲಿ. ಎಷ್ಟೇ ಕೊಳೆಯಾದ ಲಾರಿಯಲ್ಲೂ ಬೆಳಗ್ಗೆ ಊದಿನಕಡ್ಡಿ ಬೆಳಗುವ ಮುನ್ನ ಚಾಲಕ ಅದನ್ನು ಒರೆಸಿರುತ್ತಾನೆ.

ಕಟ್ಟಕಡೆಗೆ ನಿಂಬೆಹಣ್ಣು–ಮೆಣಸಿನಕಾಯಿ. 4 ಸೆಂ.ಮೀ. ನಿಂಬೆ ಇಲ್ಲಿ 1.7 ಮಿ.ಮೀ., 7 ಸೆಂ.ಮೀ. ಮೆಣಸಿನಕಾಯಿ 3 ಮಿ.ಮೀ. ಎಪಾಕ್ಸಿ ಪುಟ್ಟಿಯಲ್ಲಿ ಒಂದು ಗುಂಡು, ಏಳು ಕಡ್ಡಿ ಹೊಸೆದು, ಹಸಿಯಿರುವಾಗಲೇ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಗೆ ಪೋಣಿಸಿ. ಬಣ್ಣ ಹಚ್ಚುವಾಗ ನಿಂಬೆಗೆ ಅಚ್ಚ ಹಳದಿ ಬೇಡ, ಶನಿವಾರ ಕಟ್ಟಿದ್ದು ಗುರುವಾರದ ಹೊತ್ತಿಗೆ ಕಂದು ತಿರುಗಿರುತ್ತದೆ. ಮೆಣಸಿನಕಾಯಿಗೂ ಹಸಿರಿನ ಮೇಲೆ ಕಂದಿನ ತೆಳು ವಾಶ್‌. ಮುಂಬಂಪರಿನ ಕೆಳಗೆ 0.5 ಮಿ.ಮೀ. ತೂತು ಕೊರೆದು ಸಿಕ್ಕಿಸಿ, ಅದರ ಮೇಲೂ ಅದೇ ಕಾಂಕ್ರೀಟ್‌ ಧೂಳನ್ನು ಒಮ್ಮೆ ಸುಳಿಸಿ.